ಲವಾನ್ ಟ್ರೇಲರ್ ಎಳೆದ ಬೇಸಿಗೆ

ಲವಾನ್ ಹೌಗನ್ ಕಡಿಮೆ ಮಾತಿನವಳು. ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ನಾನು ಅವಳ ಪಕ್ಕದ ಒಲೆಯ ಮುಂದೆ ನಿಂತು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಬೆಳಿಗ್ಗೆ ಬಂದಾಗ ಒಂದು ನಗು, ಮಧ್ಯಾಹ್ನ ಏಪ್ರನ್ ಬಿಚ್ಚುವಾಗ ‘ಬರ್ತೀನಿ’ ಎನ್ನುವ ಒಂದು ಮಾತು, ನಡುವೆ ಬರೀ ಪಾತ್ರೆಗಳ ಸದ್ದು. ಹೇಳುವುದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲವೆಂದಲ್ಲ. ಅವಳ ಪಾಲಿನ ಮಾತನ್ನೂ ಸೇರಿಸಿ ಆಡುವವನೊಬ್ಬ ಮನೆಯಲ್ಲಿದ್ದ.

ಅವಳ ಗಂಡ ಓರಿನ್ ಶಾಲೆಯ ಬಸ್ ಓಡಿಸುತ್ತಿದ್ದ. ಯೆಲ್ಲೋಸ್ಟೋನ್ ನದಿಯ ದಂಡೆಗುಂಟ ದೂರದೂರಕ್ಕೆ ಚದುರಿದ ದನದ ಫಾರಂಗಳಿಂದ ಮಕ್ಕಳನ್ನು ಕರೆತರುವ ಕೆಲಸ. ಬಸ್ಸನ್ನು ಶೆಡ್ಡಿಗೆ ಬಿಟ್ಟು ಅವನು ಕಾಫಿ ಅಂಗಡಿಗೆ ಬಂದನೆಂದರೆ ಎದ್ದು ಹೊರಟವರೂ ಮತ್ತೆ ಕೂರುತ್ತಿದ್ದರು. ಒಂದು ಹೋರಿ ಬಸ್ಸಿನ ಬಾಗಿಲಿಗೆ ತಲೆ ಸಿಕ್ಕಿಸಿಕೊಂಡದ್ದನ್ನು ಅವನು ಅರ್ಧ ಗಂಟೆ ಹೇಳಬಲ್ಲವನಾಗಿದ್ದ, ನಾವು ಅದನ್ನು ಹತ್ತಾರು ಸಲ ಕೇಳಿದ್ದರೂ ಮತ್ತೆ ನಗುತ್ತಿದ್ದೆವು. ಅವನನ್ನು ಯಾಕೆ ಮದುವೆಯಾದೆ ಎಂದು ನಾನೊಮ್ಮೆ ಲವಾನಳನ್ನು ಕೇಳಿದಾಗ ಅವಳು ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸದೆ, “ಅವನ ಜೊತೆ ಇದ್ರೆ ನಾನು ಬಾಯಿ ಬಿಡ್ಬೇಕಾಗೇ ಇರ್ಲಿಲ್ಲ, ಆರಾಮಾಗಿತ್ತು” ಎಂದಿದ್ದಳು.

ಜುಲೈ ಬಂದರೆ ಅವರು ಊರಲ್ಲಿ ಇರುತ್ತಿರಲಿಲ್ಲ. ಪಿಕಪ್ ಗಾಡಿಯ ಹಿಂದೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಕಂದು ಪಟ್ಟೆಯ ಟ್ರೇಲರನ್ನು ಸಿಕ್ಕಿಸಿಕೊಂಡು ದಕ್ಷಿಣಕ್ಕೆ, ಪಕ್ಕದ ರಾಜ್ಯ ವ್ಯೋಮಿಂಗಿನ ಗಡಿ ದಾಟಿ ಬಿಗ್ ಹಾರ್ನ್ ಬೆಟ್ಟಗಳಿಗೆ ಹೋಗುತ್ತಿದ್ದರು. ಪ್ರತಿವರ್ಷ ಅದೇ ಕ್ಯಾಂಪು, ಸಾಧ್ಯವಾದರೆ ತೊರೆಯ ಪಕ್ಕದ ಅದೇ ಜಾಗ. ಮಗಳು ಹೈಡಿ ಚಿಕ್ಕವಳಾಗಿದ್ದಾಗ ಓರಿನ್ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೇಲಿನ ಕೆರೆಯವರೆಗೆ ಹತ್ತುತ್ತಿದ್ದ, ದಾರಿಯುದ್ದಕ್ಕೂ ಮಾತಾಡುತ್ತಲೇ ಹತ್ತುತ್ತಿದ್ದ. ಗಾಡಿ ಓಡಿಸುವುದು ಅವನು. ಕ್ಯಾಂಪಿನಲ್ಲಿ ಟ್ರೇಲರನ್ನು ಹಿಮ್ಮುಖವಾಗಿ ಜಾಗಕ್ಕೆ ನೂಕುವಾಗ ಹಿಂದೆ ನಿಂತು ಕೈಸನ್ನೆ ಮಾಡುವುದು ಲವಾನ್. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ, ಅದಕ್ಕೇ ಅವಳಿಗೆ ಅದು ಇಷ್ಟ.

ಹೈಡಿಗೆ ಹದಿನಾರು ತುಂಬಿದ ವರ್ಷ, ಮಾರ್ಚ್ ತಿಂಗಳಲ್ಲಿ, ಓರಿನ್ ಬಸ್ ಶೆಡ್ಡಿನಲ್ಲಿ ಬಿದ್ದ. ಬಸ್ಸಿನಲ್ಲಿ ಮಕ್ಕಳು ಇರಲಿಲ್ಲ ಎಂಬುದೊಂದೇ ಸಮಾಧಾನ. ಮಿದುಳಿನ ಎಡಭಾಗದಲ್ಲಿ ರಕ್ತ ಕಟ್ಟಿತ್ತು. ಪ್ರಾಣ ಉಳಿಯಿತು, ಬಲಗಾಲು ಎಳೆಯುತ್ತಲಾದರೂ ನಡೆಯುವಂತಾಯಿತು, ಬಲಗೈ ಮಾತ್ರ ಮಡಚಿಕೊಂಡೇ ಉಳಿಯಿತು. ಮಾತು ಹೋಯಿತು. ಪೂರ್ತಿ ಹೋಗಿದ್ದರೆ ಜನಕ್ಕೆ ಅರ್ಥವಾಗುತ್ತಿತ್ತೇನೋ. ಒಂದೇ ಒಂದು ಪದ ಉಳಿದುಕೊಂಡಿತು: ಮಂಗಳವಾರ. ನೀರು ಬೇಕಾದರೆ ಮಂಗಳವಾರ, ಹೊಟ್ಟೆ ನೋವಾದರೆ ಮಂಗಳವಾರ, ಹೆಂಡತಿಯನ್ನು ಕರೆಯುವುದಕ್ಕೂ ಮಂಗಳವಾರ. ದನಿಯ ಏರಿಳಿತ ಮಾತ್ರ ಹಳೆಯ ಓರಿನ್ನನದೇ. ಗೋಡೆಯಾಚೆಯಿಂದ ಕೇಳಿದವರಿಗೆ ಅವನು ಯಾವುದೋ ಸ್ವಾರಸ್ಯದ ಕಥೆ ಹೇಳುತ್ತಿದ್ದಾನೆ ಎನಿಸುತ್ತಿತ್ತು.

ಮೊದಲಿಗೆ ಗೆಳೆಯರು ಅವನನ್ನು ಕಾಫಿ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ‘ಇವತ್ತು ಗುರುವಾರ ಕಣಯ್ಯ’ ಎಂದು ಯಾರೋ ತಮಾಷೆ ಮಾಡಿದರೆ ಅವನೂ ನಗುತ್ತಿದ್ದ. ಶರತ್ಕಾಲದ ಹೊತ್ತಿಗೆ ಅವನು ನಗುವುದನ್ನು ಬಿಟ್ಟ, ಅವರು ಕರೆಯುವುದನ್ನು ಬಿಟ್ಟರು. ಬಿಲ್ಲಿಂಗ್ಸ್‌ನಲ್ಲಿ ಮಾತು ಕಲಿಸುವ ಹೆಂಗಸೊಬ್ಬಳಿದ್ದಳು. ಒಂದು ವರ್ಷ ಚಿತ್ರದ ಚೀಟಿಗಳನ್ನಿಟ್ಟುಕೊಂಡು ಪ್ರಯತ್ನಪಟ್ಟ ಮೇಲೆ ಅವಳು ಲವಾನಳನ್ನು ಹೊರಗೆ ಕರೆದು, ಬರುವುದಿದ್ದರೆ ಇಷ್ಟರಲ್ಲಿ ಬರುತ್ತಿತ್ತು, ಇನ್ನು ಇಷ್ಟು ದೂರ ಬಂದು ಅವರನ್ನು ದಣಿಸಬೇಡಿ ಎಂದಳು. ಆಮೇಲೆ ಲವಾನಳ ಮುಖ ನೋಡಲಾರದೆ ಇರಬೇಕು, ಹೀಗೇ ಮಾತು ಹೋದ ಒಬ್ಬ ಮುದುಕನನ್ನು ಅವನ ಹಳೆಯ ತೋಟಕ್ಕೆ ಕರೆದುಕೊಂಡು ಹೋದಾಗ ಒಂದೆರಡು ಪದ ವಾಪಸ್ ಬಂದಿದ್ದವು ಎಂದೂ ಸೇರಿಸಿದಳು.

ಲವಾನ್ ಮೊದಲಿನ ಮಾತನ್ನು ಬಿಟ್ಟು ಕೊನೆಯದನ್ನು ಮಾತ್ರ ಮನೆಗೆ ತಂದಳು. ಈ ಬೇಸಿಗೆ ಬೆಟ್ಟಕ್ಕೆ ಹೋಗೋಣ, ಟ್ರೇಲರ್ ನಾನೇ ಎಳೆಯುತ್ತೇನೆ ಎಂದಳು. ಹೈಡಿ ತಟ್ಟೆಯಿಂದ ತಲೆಯೆತ್ತಿ ತಾಯಿಯನ್ನು ನೋಡಿದಳು.

“ಅಮ್ಮ, ನೀನು ಅಂಗಡಿ ಮುಂದೆ ಬರೀ ಕಾರು ನಿಲ್ಸೋಕೇ ನಾಕು ಸಲ ಹಿಂದೆ ಮುಂದೆ ಮಾಡ್ತೀಯ.”

“ಕಲೀತೀನಿ ಬಿಡು.”

ಭಾನುವಾರಗಳಂದು ಶಾಲೆಯ ಅಂಗಳ ಖಾಲಿ ಇರುತ್ತಿತ್ತು. ಆಟದ ಮೇಷ್ಟರ ಕೋಣೆಯಿಂದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನು ತಂದು ನಾನೇ ಸಾಲಾಗಿ ಇಟ್ಟೆ. ಹಿಮ್ಮುಖವಾಗಿ ಬರುವಾಗ ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು, ಅದೂ ಸ್ವಲ್ಪವೇ. ಮೊದಲ ಭಾನುವಾರ ಅವಳು ಒಂದೂ ಬಿಡದೆ ಎಲ್ಲ ಕೋನುಗಳನ್ನೂ ಚಪ್ಪಟೆ ಮಾಡಿದಳು. ಓರಿನ್ ಅಂಗಳದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದ. ಜೂನ್ ಮುಗಿಯುವಷ್ಟರಲ್ಲಿ ಅವಳಿಗೆ ಅಷ್ಟಿಷ್ಟು ಕೈ ಕುದುರಿತು. ಕೋನುಗಳ ಬದಲು ಮರ ಇದ್ದರೆ ಏನು ಮಾಡುತ್ತಾಳೋ ಎಂದು ನನಗೆ ಹೆದರಿಕೆಯಿತ್ತು, ಹೇಳಲಿಲ್ಲ.

ಹೊರಟ ದಿನದ ಪ್ರಯಾಣ ಚೆನ್ನಾಗಿಯೇ ಆಯಿತೆಂದು ಅವಳು ಆಮೇಲೆ ನನಗೆ ಹೇಳಿದಳು. ಓರಿನ್ ಪಕ್ಕದಲ್ಲಿ, ಹೈಡಿ ಹಿಂದಿನ ಸೀಟಿನಲ್ಲಿ. ಬಯಲಿನಲ್ಲಿ ಗಾಳಿ ಟ್ರೇಲರನ್ನು ಪಕ್ಕಕ್ಕೆ ತಳ್ಳಿದಾಗಲೆಲ್ಲ ಲವಾನ್ ಸ್ಟಿಯರಿಂಗನ್ನು ಬಿಗಿಹಿಡಿಯುತ್ತಿದ್ದಳು. ಡೇಟನ್ ಊರು ದಾಟಿದ ಮೇಲೆ ರಸ್ತೆ ಬೆಟ್ಟದ ಮೈಗೆ ಸುತ್ತಿಕೊಂಡು ಏರತೊಡಗಿತು. ಹಿಂದೆ ವಾಹನಗಳು ಸಾಲುಗಟ್ಟಿದವು, ಕೆಲವರು ಹಾರ್ನ್ ಮಾಡಿದರು. ಅವಳು ಕೆಳಗಿನ ಕಣಿವೆಯನ್ನು ನೋಡದೆ ಇಂಜಿನ್ನಿನ ಸದ್ದನ್ನಷ್ಟೇ ಕೇಳುತ್ತಾ ಓಡಿಸಿದಳು. ಪೈನ್ ಮರಗಳ ವಾಸನೆ ಒಳಗೆ ಬಂದಾಗ ಓರಿನ್ ಕಿಟಕಿ ಪೂರ್ತಿ ಇಳಿಸಿ ಮುಖ ಹೊರಗೆ ಚಾಚಿದ. ಅವನ ಕಣ್ಣಲ್ಲಿ ನೀರಿತ್ತು. ಅದು ಗಾಳಿಗೋ ಬೇರೇನಕ್ಕೋ ಅವಳಿಗೆ ತಿಳಿಯಲಿಲ್ಲ. ತಾನು ಮಾಡಿದ್ದು ಸರಿ ಎಂದು ಆಗ ಅವಳಿಗೆ ಅನ್ನಿಸಿತಂತೆ.

ಕ್ಯಾಂಪಿನಲ್ಲಿ ತೊರೆಯ ಪಕ್ಕದ ಜಾಗ ಖಾಲಿಯಿತ್ತು. ಅವಳು ಗಾಡಿ ನಿಲ್ಲಿಸಿ ಉಸಿರು ಬಿಡುವಷ್ಟರಲ್ಲಿ ಓರಿನ್ ತಾನೇ ಬಾಗಿಲು ತೆಗೆದು ಇಳಿದ. ಕಾಲೆಳೆಯುತ್ತಾ ಟ್ರೇಲರಿನ ಹಿಂದಕ್ಕೆ ಹೋಗಿ, ಇಷ್ಟು ವರ್ಷ ಅವಳು ನಿಲ್ಲುತ್ತಿದ್ದ ಕಡೆ ನಿಂತು ಎಡಗೈ ಎತ್ತಿದ. ಹೈಡಿ ತಾನು ಹೋಗುತ್ತೇನೆ ಎಂದು ಇಳಿಯಹೋದಳು.

“ಬೇಡ, ಅಪ್ಪನೇ ಮಾಡ್ಲಿ,” ಎಂದಳು ಲವಾನ್.

ಕನ್ನಡಿಯಲ್ಲಿ ಅವನ ಕೈಯೊಂದನ್ನೇ ನೋಡುತ್ತಾ ಅವಳು ಹಿಂದೆ ಬಂದಳು. ಬಾ, ಬಾ ಎಂದು ಕೈ ಕರೆಯಿತು. ಎಡಕ್ಕೆ ಎಂದಿತು, ಅವಳು ಎಡಕ್ಕೆ ತಂದಳು. ಆಮೇಲೆ ಕೈ ಜೋರುಜೋರಾಗಿ ಕರೆಯತೊಡಗಿತು, ಬಾ ಬಾ ಬಾ. ಅವನ ಮುಖ ಮಾತ್ರ ಬೇರೆಯೇ ಹೇಳುತ್ತಿತ್ತು, ಬಾಯಿ ತೆರೆದು ಮಂಗಳವಾರ ಮಂಗಳವಾರ ಎಂದು ಕೂಗುತ್ತಿದ್ದ. ಹೈಡಿ ಚೀರಿದಳು. ಅಷ್ಟರಲ್ಲಿ ತಗಡು ಸೀಳಿದ ಸದ್ದಾಯಿತು. ಟ್ರೇಲರಿನ ಹಿಂದಿನ ಮೂಲೆ ಪೈನ್ ಮರಕ್ಕೆ ಹೊಡೆದು ಒಳಕ್ಕೆ ಕುಸಿದಿತ್ತು. ಲವಾನ್ ಇಳಿದು ಬಂದಾಗ ಓರಿನ್ ಮರವನ್ನಾಗಲಿ ಟ್ರೇಲರನ್ನಾಗಲಿ ನೋಡುತ್ತಿರಲಿಲ್ಲ. ಮುಖದ ಮುಂದೆ ಹಿಡಿದುಕೊಂಡ ತನ್ನ ಎಡಗೈಯನ್ನು ನೋಡುತ್ತಿದ್ದ. ಬಲಗೈ ಹೋಗಿದ್ದು ಅವನಿಗೆ ಗೊತ್ತಿತ್ತು. ಇದೂ ತನ್ನ ಮಾತು ಕೇಳುವುದಿಲ್ಲ ಎಂಬುದು ಅವನಿಗೆ ಆ ಹೊತ್ತು ಗೊತ್ತಾಯಿತೆಂದು ಲವಾನ್ ಹೇಳುತ್ತಾಳೆ.

ಸಂಜೆ ಬೆಂಕಿ ಹಾಕಿದರು. ಹೈಡಿ ಸಾಸೇಜ್ ಸುಟ್ಟಳು, ಬೀನ್ಸ್ ಬಿಸಿ ಮಾಡಿದಳು. ಇಷ್ಟು ವರ್ಷ ಆ ಬೆಂಕಿಯ ಸುತ್ತ ಒಂದು ಕ್ಷಣವೂ ಮೌನ ಇದ್ದದ್ದಿಲ್ಲ. ಅಕ್ಕಪಕ್ಕದ ಟ್ರೇಲರಿನವರೂ ಕುರ್ಚಿ ಹೊತ್ತುಕೊಂಡು ಬಂದು ಓರಿನ್ನನ ಮುಂದೆ ಕೂರುತ್ತಿದ್ದರು. ಈಗ ಸೌದೆ ಸಿಡಿಯುವ ಸದ್ದು, ತೊರೆಯ ಸದ್ದು. ತಡೆಯಲಾರದೆ ಲವಾನ್ ತಾನೇ ಹೋರಿಯ ಕಥೆ ಹೇಳಲು ಶುರುಮಾಡಿದಳು. ಒಂದು ಪದ ಸಿಕ್ಕರೆ ಅವನೇ ಮುಂದುವರಿಸಿಯಾನು ಎಂಬ ಆಸೆ. ಬಸ್ ಸೇತುವೆ ಹತ್ತಿರ ನಿಂತಿತ್ತು ಎಂದಳು. ಅವನು ತಲೆ ಕೊಡವಿದ. ಅಲ್ಲ, ಫಾರಂ ಗೇಟಿನ ಹತ್ತಿರ ಎಂದು ತಿದ್ದಿಕೊಂಡಳು. ಹೋರಿ ಬಂದದ್ದು ಮೊದಲೋ, ಹುಡುಗಿ ಊಟದ ಡಬ್ಬಿ ಎಸೆದದ್ದು ಮೊದಲೋ ಅವಳಿಗೆ ನೆನಪಾಗಲಿಲ್ಲ. ನಗಬೇಕಾದ ಜಾಗ ಬರುವ ಮುಂಚೆಯೇ ಅದನ್ನು ಹೇಳಿಬಿಟ್ಟಳು. ಹೈಡಿ ತಾಯಿಗಾಗಿ ನಕ್ಕಳು. ಓರಿನ್ ಮುಂದಕ್ಕೆ ಬಾಗಿ ಮಂಗಳವಾರ, ಮಂಗಳವಾರ ಎಂದು ಸರಿಪಡಿಸಲು ನೋಡಿದ, ಮತ್ತೆ ನೋಡಿದ, ಹಣೆಯ ನರ ಉಬ್ಬಿಬಂತು. ಕೊನೆಗೆ ಕೋಲೂರಿ ಎದ್ದು ಒಳಗೆ ಹೋದ. ಕಥೆಯ ಅಂತ್ಯವನ್ನು ಯಾರೂ ಹೇಳಲಿಲ್ಲ.

ಮರುದಿನ ಕೆರೆಗೆ ಹೊರಟರು. ದಾರಿ ಕಷ್ಟದ್ದೇನಲ್ಲ, ಅಜ್ಜಿಯರೂ ಹತ್ತುವಂಥದ್ದು. ಆದರೆ ಎಳೆಯುವ ಕಾಲು ಬೇರುಬೇರಿಗೂ ಸಿಕ್ಕಿಕೊಳ್ಳುತ್ತಿತ್ತು. ಅರ್ಧ ದಾರಿಯಲ್ಲಿ ತೊರೆ ದಾಟುವುದಕ್ಕೆ ಎರಡು ಮರದ ದಿಮ್ಮಿ ಹಾಸಿದ ಒಂದು ಸೇತುವೆಯಿದೆ. ಹೈಡಿ ಮುಂದೆ ನಿಂತು ಕೈ ಚಾಚಿದಳು. ಅವನು ಒಂದು ಹೆಜ್ಜೆ ಇಟ್ಟ, ಕಾಲು ಜಾರಿತು, ಅವಳ ಕೈಯನ್ನು ಕೊಡವಿ ಹಿಂದೆ ಸರಿದು ಬಂಡೆಯ ಮೇಲೆ ಕೂತ. ಎಷ್ಟು ಕರೆದರೂ ಏಳಲಿಲ್ಲ. ಅಲ್ಲೇ ಬ್ರೆಡ್ಡು ಹ್ಯಾಮು ತಿಂದರು. ಸೊಳ್ಳೆ ಮುತ್ತಿದವು. ಮೇಲಿನಿಂದ ಇಳಿದು ಬರುವ ಸಂಸಾರಗಳು, ‘ಇನ್ನೇನು ಬಂತು, ಹತ್ರಾನೇ ಇದೆ, ಹೋಗಿ ಹೋಗಿ’ ಎಂದು ಉತ್ಸಾಹ ತುಂಬುತ್ತಾ ಹೋದವು. ಲವಾನಳ ಒತ್ತಾಯಕ್ಕೆ ಹೈಡಿ ಒಬ್ಬಳೇ ಹೋಗಿ ಬಂದಳು. ಕೆರೆ ಹೇಗಿದೆ ಎಂದು ತಾಯಿ ಕೇಳಿದ್ದಕ್ಕೆ, ಇದ್ದ ಹಾಗೇ ಇದೆ ಎಂದಳು. ಓರಿನ್ ಮುಖ ತಿರುಗಿಸಿಕೊಂಡ.

ವಾಪಸ್ ಬಂದ ಮೇಲೆ ಸುಸ್ತಾಗಿ ಮಲಗಿದ ಲವಾನಳಿಗೆ ನಿದ್ದೆ ಹತ್ತಿತು. ಹೈಡಿ ಕೊಡಗಳನ್ನು ಹಿಡಿದು ಪಂಪಿನ ಹತ್ತಿರ ನೀರಿಗೆ ಹೋಗಿದ್ದಳು. ಓರಿನ್ ಶೌಚಾಲಯಕ್ಕೆಂದು ಎದ್ದು ಹೋದವನು ಬರುವಾಗ ದಾರಿ ತಪ್ಪಿದ. ಕ್ಯಾಂಪಿನ ಇನ್ನೊಂದು ಸುತ್ತುರಸ್ತೆಯಲ್ಲಿ ಇವರದರಂಥದ್ದೇ ಕಂದು ಪಟ್ಟೆಯ ಟ್ರೇಲರೊಂದು ನಿಂತಿತ್ತು. ಅವನು ಅದರ ಬಾಗಿಲು ತೆಗೆದು ಒಳಗೆ ಹೋಗಿ, ಟೋಪಿ ತೆಗೆದು, ಮೇಜಿನ ಮುಂದೆ ತನ್ನ ಜಾಗದಲ್ಲಿ ಕೂತುಬಿಟ್ಟ.

ಅದು ನೆಬ್ರಾಸ್ಕಾದಿಂದ ಬಂದ ಒಂದು ಸಂಸಾರದ ಟ್ರೇಲರು. ಒಳಗೆ ತಾಯಿ, ನಾಲ್ಕೈದು ವರ್ಷದ ಮಗಳು. ತಾಯಿ ಒಲೆಯ ಹತ್ತಿರ ಕಲ್ಲಾಗಿ ನಿಂತಳು. ಮಗಳಿಗೆ ಮಾತ್ರ ಏನೂ ಅನ್ನಿಸಲಿಲ್ಲ, ಹೊಸಬನ ಮುಂದೆ ಇಸ್ಪೀಟೆಲೆ ಹರಡಿ ಆಟಕ್ಕೆ ಕರೆದಳು. ಅವನು ಎಲೆಗಳನ್ನು ಕೈಗೆತ್ತಿಕೊಂಡು ಮಂಗಳವಾರ ಎಂದ, ಮಗು ಅದಕ್ಕೆ ಸರಿಯಾಗಿ ಏನೋ ಉತ್ತರ ಕೊಟ್ಟಿತು. ಅವರಿಬ್ಬರೂ ಹಾಗೆ ಸ್ವಲ್ಪ ಹೊತ್ತು ಮಾತಾಡಿದರಂತೆ. ಗಂಡ ಮೀನು ಹಿಡಿದು ವಾಪಸ್ ಬಂದಾಗ ಕಂಡದ್ದು ಇದು: ಬೆಳ್ಳಗಾದ ಹೆಂಡತಿ, ಮಗಳ ಎದುರು ಸೊಟ್ಟ ಬಾಯಿಯ ಗುರುತಿಲ್ಲದ ಗಂಡಸು.

“ಯಾರಯ್ಯ ನೀನು? ನಿನ್ನ ಹೆಸರೇನು?”

“ಮಂಗಳವಾರ,” ಎಂದ ಓರಿನ್.

ಕುಡಿದಿದ್ದಾನೆ ಎಂದುಕೊಂಡ ಆ ಮನುಷ್ಯ ತೋಳು ಹಿಡಿದು ಎಳೆದ. ಓರಿನ್ ಮೇಜು ಹಿಡಿದುಕೊಂಡ. ಅದು ತನ್ನ ಟ್ರೇಲರು, ಇವನೇ ಹೊರಗಿನವನು ಎಂದು ಅವನಿಗೆ ಅನ್ನಿಸಿರಬೇಕು. ಎಳೆದಾಟದಲ್ಲಿ ಮೆಟ್ಟಿಲ ಮೇಲೆ ಕಾಲು ಮಡಚಿ ಮಣ್ಣಿಗೆ ಬಿದ್ದ. ಅಕ್ಕಪಕ್ಕದವರು ಸೇರಿದರು. ಹೈಡಿ ಓಡಿಬಂದು ತಾಯಿಯನ್ನು ಎಬ್ಬಿಸಿದಳು. ಲವಾನ್ ಚಪ್ಪಲಿ ಕೂಡ ಹಾಕದೆ ಬಂದು ಗುಂಪಿನ ನಡುವೆ ನಿಂತಳು. ಅಷ್ಟು ಜನ ಅಪರಿಚಿತರ ಮುಂದೆ ಅವಳು ಬಾಯಿ ತೆರೆದದ್ದು ಜೀವನದಲ್ಲಿ ಅದೇ ಮೊದಲು.

“ಇವನು ಕುಡಿದಿಲ್ಲ. ನನ್ನ ಗಂಡ ಇವನು, ಓರಿನ್ ಹೌಗನ್ ಅಂತ. ಇಪ್ಪತ್ತು ವರ್ಷ ಸ್ಕೂಲ್ ಬಸ್ ಓಡಿಸಿದಾನೆ, ಒಂದು ಮಗೂಗೂ ಒಂದು ಗೀರು ಕೂಡ ಆಗಿಲ್ಲ. ಲಕ್ವ ಹೊಡೆದಿದೆ, ಮಾತು ಬರಲ್ಲ. ಬರಲ್ಲ ಅಷ್ಟೆ. ದಯವಿಟ್ಟು ಎಲ್ರೂ ಹೋಗಿ.”

ಜನ ಹೋದರು. ಆ ಮನುಷ್ಯ ಟೋಪಿ ತೆಗೆದು ನಿಂತ. ಸಂಜೆ ಎರಡು ಟ್ರೌಟ್ ಮೀನುಗಳನ್ನು ಹಾಳೆಯಲ್ಲಿ ಸುತ್ತಿ ತಂದುಕೊಟ್ಟು ಕ್ಷಮಿಸಬೇಕು ಎಂದು ಹೋದ. ಒಳ್ಳೆಯವನೇ ಪಾಪ, ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು ಎಂದು ಲವಾನ್ ಇವತ್ತಿಗೂ ಹೇಳುತ್ತಾಳೆ. ಮೀನನ್ನು ಹಿಟ್ಟು ಹಚ್ಚಿ ಬೆಣ್ಣೆಯಲ್ಲಿ ಹುರಿದಳು. ಓರಿನ್ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದ.

ಬೆಳಿಗ್ಗೆ ಅವಳು ಕಾಫಿ ಹಿಡಿದು ಅವನ ಪಕ್ಕ ಕೂತಳು. ಮನೆಗೆ ಹೋಗೋಣವೇ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಇಲ್ಲೇ ಇರೋಣವೇ ಎಂದಳು. ಅದಕ್ಕೂ ತಲೆಯಾಡಿಸಿದ. ಅವಳು ಕಾಫಿ ಲೋಟ ಕೆಳಗಿಟ್ಟಳು. ಮತ್ತೆ ಕೇಳಿದಳು:

“ನಾಳೆ ಚಂದ್ರನ ಮೇಲಕ್ಕೆ ಹೋಗೋಣ್ವಾ ಓರಿನ್?”

ಅವನು ಗಂಭೀರವಾಗಿ ತಲೆಯಾಡಿಸಿದ.

“ಅಮ್ಮ, ಹಂಗೆಲ್ಲ ಕೇಳ್ಬೇಡ,” ಎಂದಳು ಹೈಡಿ.

ಈ ಒಂದು ವರ್ಷ ಅವನಿಗೆ ಏನು ಬೇಕು ಏನು ಬೇಡ ಎಂದು ಅವನನ್ನೇ ಕೇಳಿ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು ಲವಾನ್. ಯಾವ ಸಾರು, ಯಾವ ಅಂಗಿ, ಬೆಟ್ಟಕ್ಕೆ ಬರುತ್ತೀಯಾ ಎಂದೂ ಕೇಳಿದ್ದಳು. ಹೌದೆಂದು ತಲೆಯಾಡಿಸಿದ್ದ. ಆ ಹೌದುಗಳಲ್ಲಿ ಯಾವುದು ಅವನದು, ಯಾವುದು ಬರೀ ಕತ್ತಿನ ಚಲನೆ ಎಂದು ಇನ್ನು ತಿಳಿಯುವ ದಾರಿಯಿರಲಿಲ್ಲ.

ಆವತ್ತೇ ಹೊರಟರು. ಇಳಿಜಾರಿನಲ್ಲಿ ಅವಳು ಬ್ರೇಕಿನ ಮೇಲಿಂದ ಕಾಲೆತ್ತಲೇ ಇಲ್ಲ. ಗೇರು ಇಳಿಸಬೇಕೆಂಬುದು ಗೊತ್ತಿದ್ದರೂ ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಚಕ್ರದ ಹತ್ತಿರ ಹೊಗೆ ಕಂಡಿತು. ರಸ್ತೆ ಪಕ್ಕ ಬಯಲನ್ನು ನೋಡುವುದಕ್ಕೆ ಮಾಡಿದ ಅಗಲ ಜಾಗವಿತ್ತು, ಅಲ್ಲಿ ಹೇಗೋ ನಿಲ್ಲಿಸಿದಳು. ಓರಿನ್ ನಿದ್ದೆ ಹೋಗಿದ್ದ. ತಾಯಿ ಮಗಳು ಇಳಿದು ತಡೆಗಲ್ಲಿನ ಮೇಲೆ ಕೂತರು. ಕೆಳಗೆ ಹುಲ್ಲುಗಾವಲು, ಗೆರೆಯಂಥ ರಸ್ತೆಗಳು, ಎಲ್ಲೋ ದೂರದಲ್ಲಿ ಮಳೆ. ಬೇರೆ ಬೇರೆ ಸಂಸಾರಗಳು ಬಂದು ಫೋಟೋ ತೆಗೆದುಕೊಂಡು ಹೋದವು. ಒಬ್ಬಾಕೆ ಹೈಡಿಯ ಕೈಗೆ ಕ್ಯಾಮೆರಾ ಕೊಟ್ಟು ತಮ್ಮದೊಂದು ತೆಗೆಸಿಕೊಂಡಳು.

ಅವರು ಹೋದ ಮೇಲೆ ಹೈಡಿ ಹೇಳಿದಳು: “ಅಮ್ಮ, ಅಪ್ಪ ಇನ್ನು ಹಿಂಗೇನೇ.”

“ಗೊತ್ತು.”

“ಯಾವಾಗ ಗೊತ್ತಾಯ್ತು?”

“ಹೊರಡೋಕ್ ಮುಂಚೇನೇ ಗೊತ್ತಿತ್ತು.”

“ಮತ್ಯಾಕೆ ಕರ್ಕೊಂಡ್ ಬಂದೆ ನಮ್ಮನ್ನ?”

“ಬರದೇ ಇದ್ದಿದ್ರೆ, ಹೋಗಿದ್ರೆ ಸರಿಹೋಗ್ತಿತ್ತೇನೋ ಅಂತ ಸಾಯೋವರೆಗೂ ಅನ್ಕೊಂಡಿರ್ತಿದ್ದೆ ಕಣೇ. ಈಗ ಅದೂ ಇಲ್ಲ.”

ಬ್ರೇಕು ಆರುವವರೆಗೆ ಅಲ್ಲೇ ಕೂತಿದ್ದು, ಆಮೇಲೆ ಮಗಳು ನೆನಪಿಸಿದ ಹಾಗೆ ಸಣ್ಣ ಗೇರಿನಲ್ಲಿ ನಿಧಾನ ಇಳಿದರು.

ಟ್ರೇಲರನ್ನು ಆ ಶರತ್ಕಾಲದಲ್ಲೇ ಒಬ್ಬ ಕುರಿ ಸಾಕುವವನು ಒಯ್ದ, ಮರಿ ಹಾಕುವ ಕಾಲದಲ್ಲಿ ಆಳುಗಳು ಮಲಗುವುದಕ್ಕೆ. ಮೂಲೆ ಕುಸಿದದ್ದಕ್ಕೆ ಅವನ ತಕರಾರಿರಲಿಲ್ಲ. ಮುಂದಿನ ಚಳಿಗಾಲದಲ್ಲಿ ಓರಿನ್ ಆ ಒಂದು ಪದವನ್ನು ಆಡುವುದನ್ನೂ ನಿಲ್ಲಿಸಿದ. ಯಾವ ದಿನ ಕೊನೆಯ ಸಲ ಆಡಿದನೆಂದು ಲವಾನ್ ಗಮನಿಸಿರಲಿಲ್ಲ. ಮನೆ ಯಾಕೋ ಹಗುರವಾಗಿದೆ ಎಂದು ಕೆಲವು ವಾರ ಅನ್ನಿಸಿದ ಮೇಲೆ ಕಾರಣ ಹೊಳೆಯಿತಂತೆ. ಹಾಗೆ ಹಗುರ ಅನ್ನಿಸಿದ್ದನ್ನು ಅವಳು ನನಗೊಬ್ಬಳಿಗೇ ಹೇಳಿದ್ದು.

ಹೈಡಿ ಶಾಲೆ ಮುಗಿಸಿ ಬಿಲ್ಲಿಂಗ್ಸ್‌ಗೆ ಹೋದಳು, ಅಲ್ಲೇ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಹಿಡಿದಳು. ಕ್ರಿಸ್‌ಮಸ್ಸಿಗೆ ಬರುತ್ತಿದ್ದಳು, ತಂದೆಯ ಎದುರು ಕೂತು ಕೈ ಹಿಡಿದುಕೊಳ್ಳುತ್ತಿದ್ದಳು, ಮರುದಿನ ಹೊರಟುಬಿಡುತ್ತಿದ್ದಳು. ಲವಾನ್ ಅವಳನ್ನು ತಡೆಯಲಿಲ್ಲ. ಬೆಳಿಗ್ಗೆ ಓರಿನ್ನನಿಗೆ ಸ್ನಾನ ಮಾಡಿಸಿ, ತಿನ್ನಿಸಿ, ಅಡುಗೆಮನೆಯ ಕಿಟಕಿಯ ಪಕ್ಕ ಕೂರಿಸಿ ನಮ್ಮ ಜೊತೆ ಕೆಲಸಕ್ಕೆ ಬರುತ್ತಿದ್ದಳು. ಅವಳಿಲ್ಲದಾಗ ಪಕ್ಕದ ಮನೆಯಾಕೆ ಇಣುಕಿ ನೋಡಿ ಹೋಗುತ್ತಿದ್ದಳು. ಆ ಕಿಟಕಿಯಿಂದ ರೈಲು ಹಳಿ ಕಾಣುತ್ತದೆ. ಕಲ್ಲಿದ್ದಲ ಗಾಡಿಗಳು ಇಡೀ ದಿನ ಪೂರ್ವಕ್ಕೆ ಹೋಗುತ್ತಿರುತ್ತವೆ. ಅವನು ಒಂದೊಂದನ್ನೂ ಕೊನೆಯ ಡಬ್ಬಿಯವರೆಗೆ ನೋಡುತ್ತಿದ್ದ. ಒಂಬತ್ತು ವರ್ಷ ಹಾಗೆ ಹೋಯಿತು.

ಒಂದು ಫೆಬ್ರವರಿ ಬೆಳಿಗ್ಗೆ ಅವಳು ಅವನಿಗಾಗಿ ಬ್ರೆಡ್ಡು ಸುಡುತ್ತಿದ್ದಳು. ರೈಲು ಹೋಗಿ ಮುಗಿದರೂ ಅವನ ತಲೆ ಈಚೆ ತಿರುಗಲಿಲ್ಲ. ಹತ್ತಿರ ಹೋಗಿ ನೋಡಿದಳು, ಕೆನ್ನೆ ಮುಟ್ಟಿದಳು, ಉಸಿರಿರಲಿಲ್ಲ. ಆಮೇಲೆ ಒಲೆಯ ಹತ್ತಿರ ವಾಪಸ್ ಬಂದು ಸುಟ್ಟ ಎರಡೂ ತುಂಡಿಗೆ ಅಂಚಿನವರೆಗೆ ಬೆಣ್ಣೆ ಸವರಿ, ಕತ್ತರಿಸಿ, ತಟ್ಟೆಯಲ್ಲಿಟ್ಟಳು. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ ಎಂದಳು ನನಗೆ. ತಟ್ಟೆಯನ್ನು ಅವನ ಮುಂದೆ ಇಟ್ಟ ಮೇಲೆಯೇ ಮಗಳಿಗೆ ಫೋನ್ ಮಾಡಿದಳು.